ಸುಟ್ಟ ಕಲೆಯ ಮೇಲೆ ಹಚ್ಚೆ

ಹೊಳೆದಂಡೆಯ ಮಠದಲ್ಲಿ ಮರುಳಯ್ಯಜ್ಜನಿಗೆ ಇದ್ದದ್ದು ಒಬ್ಬನೇ ಶಿಷ್ಯ. ಆ ಒಬ್ಬನೇ ಹತ್ತು ಮಂದಿಯಷ್ಟು ತಲೆ ತಿನ್ನುತ್ತಿದ್ದ.

ಹೆಸರು ಕೆಂಗಪ್ಪ. ಬಲಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಸುಟ್ಟ ಕಲೆ. ಬರೀ ಕಲೆಯಲ್ಲ, ಮರದ ಬೇರಿನ ಹಾಗೆ ಉಬ್ಬಿ ನಿಂತದ್ದು. ಹುಡುಗರಾಗಿದ್ದಾಗ ಆಲೆಮನೆಯಲ್ಲಿ ಅಣ್ಣ ದ್ಯಾಮಣ್ಣ ಜಗಳದ ಭರಕ್ಕೆ ನೂಕಿದ್ದ. ಕುದಿಯುವ ಬೆಲ್ಲದ ಪಾಕ ಕೈಮೇಲೆ ಬಿದ್ದಿತ್ತು.

ಮಠಕ್ಕೆ ಬಂದವರಿಗೆಲ್ಲ ಕೆಂಗಪ್ಪ ಮೊದಲು ನೀರು ಕೊಡುತ್ತಿದ್ದ. ಆಮೇಲೆ ಅಂಗಿಯ ತೋಳು ಮೇಲೇರಿಸಿ ಈ ಕಥೆ ಕೊಡುತ್ತಿದ್ದ. ಆ ನೀರನ್ನು ಹೊಳೆಯಿಂದ ಹೊತ್ತು ತರುವವನು ಮಾತ್ರ ಅಜ್ಜ. ಯಾಕೆಂದರೆ ಶಿಷ್ಯನಿಗೆ ಕೈ ನೋವು.

ದ್ಯಾಮಣ್ಣ ಆಗಾಗ ತಲೆಮೇಲೆ ರೊಟ್ಟಿಯ ಗಂಟು ಹೊತ್ತು ತಮ್ಮನನ್ನು ನೋಡಲು ಬರುತ್ತಿದ್ದ. ಅವನನ್ನು ಕಂಡದ್ದೇ ತಡ, ಕೆಂಗಪ್ಪನ ತೋಳು ಮೇಲೇರುತ್ತಿತ್ತು. ಅಣ್ಣ ತಲೆ ತಗ್ಗಿಸಿ, ಗಂಟನ್ನು ಕಟ್ಟೆಯ ಮೇಲಿಟ್ಟು, ಕೂರದೆಯೇ ಹೊರಟುಬಿಡುತ್ತಿದ್ದ.

"ಅವನು ಆವತ್ತಿನಿಂದ ಬೆಲ್ಲ ಬಾಯಿಗಿಟ್ಟಿಲ್ಲವಂತೆ. ಗೊತ್ತೇನೋ ನಿನಗೆ?" ಎಂದು ಅಜ್ಜ ಒಮ್ಮೆ ಗದರಿದ.

"ಗೊತ್ತು ಬುದ್ಧಿ. ಅದನ್ನೂ ಕಥೇಲಿ ಸೇರಿಸಿದೀನಿ."

ಅಜ್ಜ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಒಂದು ಬೆಳಿಗ್ಗೆ ಕೆಂಗಪ್ಪ ಓಡಿಬಂದ.

"ಬುದ್ಧಿ, ಇವತ್ತು ಅಣ್ಣ ಬರ್ತಾನಂತೆ. ಇದೇ ಕೊನೇ ಸಲ, ಇನ್ನು ಮೇಲೆ ಬರಲ್ಲ ಅಂತ ಹೇಳಿ ಕಳಿಸಿದಾನೆ."

"ಇಷ್ಟು ದಿನ ಬಂದದ್ದೇ ಹೆಚ್ಚು."

"ನನಗಿರೋನು ಅವನೊಬ್ಬನೇ ಬುದ್ಧಿ. ಅದಕ್ಕೇ ಒಂದು ಉಪಾಯ ಮಾಡಿದೀನಿ. ಈ ಕಲೆ ಮೇಲೆ 'ಕ್ಷಮೆ' ಅಂತ ಹಚ್ಚೆ ಹಾಕಿಸ್ಕೋತೀನಿ. ನೋಡಿದ ಕೂಡಲೇ ಅಣ್ಣನಿಗೆ ಗೊತ್ತಾಗಬೇಕು."

ಅಜ್ಜ ಹೆಗಲ ಮೇಲಿನ ಕೊಡ ಕೆಳಗಿಟ್ಟ.

"ಲೋ, ನಿಮ್ಮಣ್ಣನಿಗೆ ಓದೋಕೆ ಬರ್ತದೇನೋ?"

"ಇಲ್ಲ."

"ಮತ್ತೆ?"

"ನಾನೇ ಓದಿ ಹೇಳ್ತೀನಿ."

"ಓದಿ ಹೇಳೋ ಬಾಯಿಂದ ಸುಮ್ಮನೆ ಹೇಳಿಬಿಡೋಕೆ ಏನು ಧಾಡಿ ನಿನಗೆ?"

"ಬಾಯಿಮಾತು ಗಾಳಿಗೆ ಹೋಗ್ತದೆ ಬುದ್ಧಿ. ಸತ್ತಾಗ ಒಡವೆ ವಸ್ತ್ರ ಎಲ್ಲ ಬಿಚ್ಚಿಕೊಳ್ತಾರೆ, ಹಚ್ಚೆ ಮಾತ್ರ ಮಣ್ಣಿಗೂ ಜೊತೆಗೆ ಬರ್ತದೆ. ತಿಪ್ಪವ್ವ ಹೇಳಿದಳು."

"ಕ್ಷಮಿಸಿದ ಮೇಲೂ ಮಣ್ಣಿನವರೆಗೆ ಹೊತ್ಕೊಂಡೇ ಹೋಗ್ತೀಯಾ?"

"ಹೂಂ ಬುದ್ಧಿ," ಎಂದ ಕೆಂಗಪ್ಪ, ಹೊಗಳಿಸಿಕೊಂಡವನ ಹಾಗೆ.

ಅಜ್ಜ ಹಣೆ ಚಚ್ಚಿಕೊಂಡ.

ತಿಪ್ಪವ್ವ ಊರೂರು ತಿರುಗಿ ಹಚ್ಚೆ ಹಾಕುವವಳು. ಆಗಲೇ ಮಠದ ಬೇವಿನ ಮರದಡಿ ಚೀಲ ಬಿಚ್ಚಿ ಕೂತಿದ್ದಳು. ಕೆಂಗಪ್ಪನ ಕೈ ಹಿಡಿದು, ಹೆಬ್ಬೆರಳಿನಿಂದ ಉಬ್ಬನ್ನು ಒತ್ತಿ ನೋಡಿದಳು.

"ಇದರ ಮೇಲೆ ಮಸಿ ನಿಲ್ಲಲ್ಲ ತಮ್ಮಾ. ಪಕ್ಕದಾಗೆ ಒಂದು ಬಳ್ಳಿ ಹಾಕ್ತೀನಿ, ಚೆಂದ ಕಾಣ್ತದೆ."

"ಬಳ್ಳಿ ಬೇಡವ್ವಾ. ಇದರ ಮೇಲೇ ಬೇಕು. ನನ್ನ ನೋವು ಇರೋದೇ ಇಲ್ಲಿ."

"ಅಜ್ಜಾರೇ, ನೀವಾದರೂ ಹೇಳ್ರೀ."

"ಹೇಳೀ ಹೇಳೀ ನನ್ನ ಗಂಟಲು ಒಣಗಿದೆ. ಚುಚ್ಚು ತಾಯೀ."

ಕೆಂಗಪ್ಪ ಇದ್ದಿಲಿನಿಂದ ಕಲೆಯ ಮೇಲೆ ತಾನೇ ಅಕ್ಷರ ಬರೆದುಕೊಂಡ. ತಿಪ್ಪವ್ವ ಸೂಜಿಯನ್ನು ಮಸಿಯಲ್ಲಿ ಅದ್ದಿ ಹಾಡು ಎತ್ತಿಕೊಂಡಳು. ಚುಚ್ಚಿಸಿಕೊಳ್ಳುವವರಿಗೆ ನೋವು ಮರೆಯಲಿ ಎಂದು ಹಾಡುವುದು ಅವಳ ವಾಡಿಕೆ.

ಕೆಂಗಪ್ಪ ಹೊಳೆ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ಆಕಳಿಸಿದ.

ತಿಪ್ಪವ್ವ ಹಾಡು ನಿಲ್ಲಿಸಿದಳು. "ಇವನಿಗೆ ನನ್ನ ಹಾಡು ದಂಡ."

ಅಜ್ಜ ಹತ್ತಿರ ಬಂದು ಬಗ್ಗಿ ನೋಡಿದ. ಮಸಿ ಉಬ್ಬಿನ ಮೇಲೆ ಎಲ್ಲೆಂದರಲ್ಲಿ ಹರಡಿತ್ತು. ಯಾವುದು ಅಕ್ಷರ, ಯಾವುದು ಕಲೆ, ಒಂದೂ ತಿಳಿಯುವಂತಿರಲಿಲ್ಲ.

"ನೋಯ್ತಿದೆಯೇನೋ?"

"ಇಲ್ಲ ಬುದ್ಧಿ. ಸೂಜಿ ಬಿದ್ದದ್ದೇ ಗೊತ್ತಾಗ್ತಿಲ್ಲ."

ಅಜ್ಜ ಉಬ್ಬಿನ ನಟ್ಟನಡುವೆ ಉಗುರಿನಿಂದ ಕುಟ್ಟಿದ. "ಇಲ್ಲಿ?"

"ಇಲ್ಲ."

"ಹಾಗಾದರೆ ದಿನಾ ಬೆಳಿಗ್ಗೆ, ಸರಿಯಾಗಿ ಕೊಡ ಎತ್ತೋ ಹೊತ್ತಿಗೆ, ನೋಯ್ತಿದ್ದದ್ದು ಯಾವುದು?"

ಕೆಂಗಪ್ಪ ತಾನೂ ಉಬ್ಬಿನ ಮೇಲೆ ಉಗುರಿನಿಂದ ಕುಟ್ಟಿ ನೋಡಿಕೊಂಡ.

ತಿಪ್ಪವ್ವ ಸುಮ್ಮನಿರದೆ ಪಕ್ಕದ ಒಳ್ಳೆಯ ಚರ್ಮಕ್ಕೆ ಸೂಜಿಯ ತುದಿ ತಾಗಿಸಿದಳು.

"ಅಯ್ಯಯ್ಯಪ್ಪೋ!"

"ಈಗ ಹಾಡ್ಲಾ ತಮ್ಮಾ?"

ಕೆಂಗಪ್ಪ ಕೈ ಹಿಂದಕ್ಕೆಳೆದು, ಮಸಿ ಒರೆಸಿಕೊಂಡು, ಅಂಗಿಯ ತೋಳು ಕೆಳಗಿಳಿಸಿದ. ಆ ಕೈ ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತ.

ಹೊಳೆಯ ದಾರಿಯಲ್ಲಿ ದ್ಯಾಮಣ್ಣ ಕಾಣಿಸಿಕೊಂಡ. ತಲೆಮೇಲೆ ಯಾವತ್ತಿಗಿಂತ ದೊಡ್ಡ ಗಂಟು. ಹತ್ತಿರ ಬಾರದೆ ದೂರದಲ್ಲೇ ನಿಂತ. ಅವನ ಕಣ್ಣು ತಮ್ಮನ ಮುಖದ ಮೇಲಿರಲಿಲ್ಲ, ಬಲತೋಳಿನ ಮೇಲಿತ್ತು.

ಕೆಂಗಪ್ಪ ಎದ್ದು ನಿಂತ. ಹಳೆಯ ಅಭ್ಯಾಸ, ಎಡಗೈ ತಾನಾಗಿಯೇ ಬಲತೋಳಿನ ಅಂಚು ಹಿಡಿಯಿತು. ಅಲ್ಲೇ ತಡೆದು ನಿಂತಿತು.

"ಬುದ್ಧಿ, ಈಗ ನಾನೇನು ಮಾಡಲಿ?"

"ಅದನ್ನೂ ನಾನೇ ಹೇಳಬೇಕೇನೋ?" ಅಜ್ಜ ಕೊಡ ಎತ್ತಿ ಹೆಗಲಿಗಿಟ್ಟುಕೊಂಡ. "ನೋಯ್ತಿದ್ದರೆ ತೋಳು ಏರಿಸು. ಇಲ್ಲದಿದ್ದರೆ ಹೋಗಿ ಅವನ ತಲೆಮೇಲಿನ ಗಂಟು ಇಳಿಸಿಕೋ."