ಅಡ್ಡ ಬಿದ್ದ ಬಾಗಿಲು

"ಬುದ್ಧಿ, ಮನೆ ತುಂಬ ಜನರಿದ್ದೂ ಒಬ್ಬರು ತನಗೆ ಯಾರೂ ಇಲ್ಲ ಎನ್ನುವುದು ನ್ಯಾಯವೇ?" ಎಂದು ಪುಟ್ಟಮಲ್ಲಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಅವನು ಕೇಳಿದ್ದು ತನ್ನ ಅಕ್ಕನ ವಿಷಯ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಆಕೆ ಎಂಟು ತಿಂಗಳಿಂದ ಇವನ ಮನೆಯಲ್ಲೇ ಮಲಗಿದ್ದಳು. ಹೊತ್ತು ಹೊತ್ತಿಗೆ ಊಟ, ಔಷಧಿ, ನೋಡಿಕೊಳ್ಳಲು ಒಬ್ಬ ಹೆಂಗಸು, ಎಲ್ಲವನ್ನೂ ಅವನು ವಿವರಿಸಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರೂ ಮೊನ್ನೆ ನೆಂಟರ ಮುಂದೆ ನನಗ್ಯಾರಿದ್ದಾರೆ ಅಂದುಬಿಟ್ಟಳಂತೆ. ಅವನಿಗೆ ಅವಮಾನವಾಗಿತ್ತು.

ಸ್ವಾಮಿಗಳು, ನ್ಯಾಯ ಕೇಳಲು ಬಂದೆಯೋ, ಹೊಗಳಿಸಿಕೊಳ್ಳಲು ಬಂದೆಯೋ ಎಂದು ಕೇಳಿ ಅವನನ್ನು ಕೂರಿಸಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಗುಮಾಸ್ತನಿದ್ದ. ನಿವೃತ್ತನಾದ ಮೇಲೆ ವಂಶಾವಳಿ ಬರೆಯಲು ಕೂತ. ಈಗ ಅದನ್ನು ಓಲೆಗರಿಯ ಮೇಲೆ ಬರೆಯುವುದಿಲ್ಲವಪ್ಪ, ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಹೆಸರು ಬರೆದರೆ ಒಂದು ಚೌಕ ಮೂಡುತ್ತದೆ, ಆ ಚೌಕದಲ್ಲಿ ಫೋಟೋ ಕೂರಿಸಬೇಕು. ಚೌಕ ಖಾಲಿ ಬಿಡಬಾರದೆಂದು ಅವನ ಹಟ. ಮುತ್ತಾತನ ಫೋಟೋ ಇರಲಿಲ್ಲ, ಅವನ ಊರುಗೋಲಿನ ಫೋಟೋ ಹಾಕಿದ. ಐದು ತಲೆಮಾರು ತುಂಬಿತು. ಉಳಿದದ್ದು ಒಂದೇ ಚೌಕ, ಹೆಂಡತಿಯದು.

ಆಕೆಯ ಹೆಸರು ದಾಕ್ಷಾಯಿಣಿ. ನಡುಮನೆಯ ಪಕ್ಕದ ಕೋಣೆಯಲ್ಲಿ ಮೂರು ವರ್ಷ ಹಾಸಿಗೆ ಹಿಡಿದಿದ್ದು ತೀರಿಕೊಂಡಿದ್ದಳು. ವರ್ಷದ ಪುಣ್ಯಸ್ಮರಣೆಗೆ ನೆಂಟರೆಲ್ಲ ಬರುವವರಿದ್ದರು, ಅಷ್ಟರೊಳಗೆ ಅವಳ ಮುಖ ಬೇಕಿತ್ತು. ಮದುವೆಯ ಫೋಟೋದಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಳು, ಬಾಸಿಂಗ ಮಾತ್ರ ಕಾಣುತ್ತಿತ್ತು. ಆಮೇಲೆ ಮನೆಯಲ್ಲಿ ಯಾರು ಫೋಟೋ ತೆಗೆದಾಗಲೂ ಅವಳು ಒಲೆಯ ಮುಂದಿದ್ದಳು.

ಅವಳ ಫೋನು ಬೀರುವಿನಲ್ಲಿತ್ತು. ಚಾರ್ಜಿಗೆ ಹಾಕಿ ನೋಡಿದರೆ ಒಳಗೆ ಇನ್ನೂರು ಫೋಟೋ. ಎಲ್ಲಾದರೂ ಒಂದರಲ್ಲಿ ಅವಳು ಸಿಕ್ಕಾಳೆಂಬ ಆಸೆಯಿಂದ ಎಲ್ಲವನ್ನೂ ವಂಶಾವಳಿಗೆ ಇಳಿಸಿದ. ಫೋನಿನಲ್ಲಿ ನೆಟ್ಟಗಿದ್ದವು ಅಲ್ಲಿಗೆ ಬಂದು ಅಡ್ಡ ಬಿದ್ದವು. ಜನ ಗೋಡೆಯ ಮೇಲೆ ನಡೆದ ಹಾಗೆ ಕಾಣುತ್ತಿದ್ದರು. ಕಂಪ್ಯೂಟರ್ ರಿಪೇರಿಯವನನ್ನು ಕೇಳಿದ. ಫೋನನ್ನು ಯಾವ ಕಡೆ ಹಿಡಿದಿದ್ದರು ಎಂದು ಪ್ರತಿ ಫೋಟೋದ ಜೊತೆ ಒಂದು ಗುರುತು ಇರುತ್ತದೆ, ನಿಮ್ಮ ಸಾಫ್ಟ್‌ವೇರ್ ಆ ಗುರುತನ್ನು ಓದುತ್ತಿಲ್ಲ, ಒಂದೊಂದನ್ನೇ ತಿರುಗಿಸಿ ಸೇವ್ ಮಾಡಿ ಎಂದನಂತೆ ಅವನು.

ಗುಮಾಸ್ತನಿಗೆ ಇಂಥ ಕೆಲಸವೆಂದರೆ ಹಬ್ಬ. ಮಗ ಸೊಸೆ ಕೆಲಸಕ್ಕೆ ಹೊರಟ ಮೇಲೆ ಅವಳ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೂತ. ತಿರುಗಿಸಿದ, ಸೇವ್ ಮಾಡಿದ. ತಿರುಗಿಸಿದ, ಸೇವ್ ಮಾಡಿದ. ಮೂರು ವರ್ಷ ಫೋನು ಕೈಯಲ್ಲಿದ್ದರೂ ನೆಟ್ಟಗೆ ಹಿಡಿಯಲು ಬರಲಿಲ್ಲವಲ್ಲ ಇವಳಿಗೆ ಎಂದು ಗೊಣಗಿದ. ಸತ್ತವರನ್ನೂ ಬೈಯುವುದು ಗಂಡಸರಿಗೆ ರೂಢಿ ನೋಡು. ಮುಖವಂತೂ ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಂಡಿತು. ಕೊನೆಯ ಫೋಟೋ ಒಂದನ್ನು ಹಾಗೆಯೇ ಬಿಟ್ಟು ಅವಳ ಮಂಚದ ಮೇಲೆ ಎಡಮಗ್ಗುಲಾಗಿ ಒರಗಿದ. ಬೆನ್ನುನೋವಿಗೆ ಅವಳು ಮಲಗಬಹುದಾಗಿದ್ದದ್ದೂ ಆ ಒಂದೇ ಮಗ್ಗುಲಿನಲ್ಲಿ. ಕಣ್ಣೆದುರು ಕೋಣೆಯ ಬಾಗಿಲು ಅಡ್ಡ ಮಲಗಿತ್ತು. ಬೆಳಿಗ್ಗೆಯಿಂದ ಅವನು ಫೋಟೋಗಳಲ್ಲಿ ಎತ್ತಿ ಎತ್ತಿ ನಿಲ್ಲಿಸಿದ್ದು ಅದೇ ಬಾಗಿಲನ್ನು.

ಧಡಕ್ಕನೆ ಎದ್ದು ಕೂತ. ಫೋಟೋಗಳನ್ನು ಮೊದಲಿನಿಂದ ನೋಡಿದ. ಅಷ್ಟು ಹೊತ್ತು ಅವನು ನೋಡಿದ್ದು ಅಡ್ಡವೋ ನೆಟ್ಟಗೋ ಎಂಬುದನ್ನು ಮಾತ್ರ. ಈಗ ಜನರನ್ನು ನೋಡಿದ. ಬಾಗಿಲಾಚೆ ನಡುಮನೆ. ಮಗ, ಸೊಸೆ, ಹಬ್ಬಕ್ಕೆ ಬಂದ ನೆಂಟರು, ಎಲೆಯ ಮುಂದೆ ಕೂತು ನಗುತ್ತಿದ್ದ ಪಂಕ್ತಿ. ತಾನೂ ಇದ್ದ. ಒಂದರಲ್ಲಿ ಅವಳಿಗೆ ಗಂಜಿ ತಂದು ಹೊಸ್ತಿಲ ಮೇಲೆ ನಿಂತಿದ್ದ, ಮುಖ ಮಾತ್ರ ಟೀವಿಯ ಕಡೆಗಿತ್ತು. ಇನ್ನೂರು ಫೋಟೋದಲ್ಲಿ ಒಬ್ಬರೂ ಆ ಕೋಣೆಯ ಕಡೆ ನೋಡುತ್ತಿರಲಿಲ್ಲ. ತಾನೊಬ್ಬನಾದರೂ ಒಂದು ಸಲ ತಿರುಗಿರಬಹುದೆಂದು ಇನ್ನೊಮ್ಮೆ ಹುಡುಕಿದ. ಇಲ್ಲ. ಅಲ್ಲೇ ಕೂತು ಅತ್ತ. ಮನೆಯಲ್ಲಿ ಯಾರೂ ಇರಲಿಲ್ಲ, ಎಷ್ಟು ಅತ್ತರೂ ಕೇಳುವವರಿರಲಿಲ್ಲ. ಇಂಥ ಎಷ್ಟು ಮಧ್ಯಾಹ್ನಗಳನ್ನು ಅವಳು ಈ ಮಂಚದ ಮೇಲೆ ಕಳೆದಿದ್ದಳೋ ಎಂದು ಅವನಿಗೆ ಆಗ ತೋಚಿತು.

ಪುಣ್ಯಸ್ಮರಣೆಯ ದಿನ ನೆಂಟರು ವಂಶಾವಳಿ ನೋಡಿ ಹೊಗಳಿದರು. ದಾಕ್ಷಾಯಿಣಿಯ ಚೌಕದಲ್ಲಿ ಮುಖವಿರಲಿಲ್ಲ, ಅಡ್ಡ ಬಿದ್ದ ಬಾಗಿಲಿತ್ತು. ಅವಳ ತಮ್ಮ ಅದನ್ನು ಬೆರಳಿಟ್ಟು ತೋರಿಸಿ, ಭಾವ, ಇದೊಂದನ್ನು ತಿರುಗಿಸುವುದು ಮರೆತಿದ್ದೀರಿ ಎಂದ.

"ಅದು ಹಾಗೇ ಇರಲಪ್ಪ. ಮೂರು ವರ್ಷ ನಿಮ್ಮಕ್ಕನಿಗೆ ನಾವು ಕಂಡದ್ದು ಹಾಗೆ," ಎಂದ ಗುಮಾಸ್ತ.

ಅವಳ ತಮ್ಮ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಪುಟ್ಟಮಲ್ಲಪ್ಪ, ಪಾಪ, ಆಕೆಯಾದರೂ ಒಂದು ಸಲ ಗಂಡನನ್ನು ಕರೆಯಬಹುದಿತ್ತು ಎಂದ. ಕರೆದಿದ್ದಳೋ ಏನೋ, ಫೋಟೋದಲ್ಲಿ ದನಿ ಬೀಳುವುದಿಲ್ಲ ಎಂದರು ಸ್ವಾಮಿಗಳು. ಅವನು ಕೈಮುಗಿದು ಏಳಲು ಹೋದಾಗ ಮತ್ತೆ ತಡೆದರು.

"ನಿಮ್ಮ ಮನೆಯಲ್ಲಿ ಅಕ್ಕ ಮಲಗಿದ ಕಡೆಯಿಂದ ಏನು ಕಾಣುತ್ತದೆ, ಹೇಳಿ ಹೋಗು."

ಪುಟ್ಟಮಲ್ಲಪ್ಪನಿಗೆ ಗೊತ್ತಿರಲಿಲ್ಲ.