ಅರಮನೆಯ ಗೋಡೆ ಏರಿದ ಶಂಖವ್ವ

ಶಂಖವ್ವ ಎಂಬ ಬಸವನಹುಳು ಗಂಡ ಸುರುಳಪ್ಪನನ್ನೂ ಮಗಳು ಚಿಪ್ಪಿಯನ್ನೂ ಕರೆದುಕೊಂಡು ಸಿಂಹರಾಜನ ರಾಜಧಾನಿ ನೋಡಲು ಹೊರಟಳು. ಮಳೆಗಾಲವಿಡೀ ತೆವಳಿ ಅರಮನೆಯ ಬಾಗಿಲಿಗೆ ಬಂದರೆ ಕಾವಲುನಾಯಿ ಅಡ್ಡ ನಿಂತಿತು.

"ಬೆನ್ನ ಮೇಲಿನ ಗಂಟು ಇಲ್ಲಿಟ್ಟು ಒಳಗೆ ನಡೆಯಿರಿ."

"ಇದು ಗಂಟಲ್ಲ ಸ್ವಾಮಿ, ನಮ್ಮ ಮನೆ," ಎಂದಳು ಶಂಖವ್ವ.

"ಅರಮನೆಗೆ ಬಂದವರಿಗೆ ಮನೆ ಏಕೆ?"

ಸುರುಳಪ್ಪ, "ಹಿಂದಿರುಗೋಣ ಕಣೇ," ಎಂದ. ಚಿಪ್ಪಿ ಅಳತೊಡಗಿದಳು. "ಅವ್ವಾ, ನನ್ನ ಚಿಪ್ಪು ಕಳಚಿಡುತ್ತೇನೆ. ನಾನು ರಾಜನನ್ನು ನೋಡಲೇಬೇಕು."

"ರಾಜನನ್ನು ನಾನು ತೋರಿಸುತ್ತೇನೆ. ಚಿಪ್ಪನ್ನು ಮಾತ್ರ ಬಿಡಬೇಡ. ನನ್ನ ಹಿಂದೆ ಬಾ," ಎಂದು ಶಂಖವ್ವ ಅರಮನೆಯ ಗೋಡೆಯನ್ನೇ ಏರತೊಡಗಿದಳು. ಜಾರಿದಾಗಲೆಲ್ಲ ಮತ್ತೆ ಅಂಟಿಕೊಂಡಳು. ಚಿಪ್ಪಿಯೂ ಸುರುಳಪ್ಪನೂ ಅವಳ ಹಿಂದೆಯೇ ಏರಿದರು.

ತುದಿ ಮುಟ್ಟುವಷ್ಟರಲ್ಲಿ ಮೋಡ ಸರಿದು ಬಿಸಿಲು ಸುಡತೊಡಗಿತು. ಮೂವರೂ ತಮ್ಮ ತಮ್ಮ ಚಿಪ್ಪಿನೊಳಗೆ ಸೇರಿ ಜೀವ ಉಳಿಸಿಕೊಂಡರು. ಸಂಜೆ ತಂಪಾದ ಮೇಲೆ ಹೊರಗೆ ಇಣುಕಿದರೆ, ಎದುರಿನ ಉಪ್ಪರಿಗೆಯ ಮೇಲೆ ಸಿಂಹರಾಜ ಕೇಸರ ಒದರುತ್ತ ನಿಂತಿದ್ದ. ಚಿಪ್ಪಿ ಕೊಂಬು ಚಾಚಿ ಕಣ್ತುಂಬ ನೋಡಿದಳು.

"ಕತ್ತಲಾಗುತ್ತಿದೆ, ಇನ್ನು ಮನೆ ಸೇರೋಣವೇ?" ಎಂದ ಸುರುಳಪ್ಪ.

"ಅವಸರವೇನಪ್ಪಾ? ಮನೆ ನಮ್ಮ ಜೊತೆಗೇ ಇದೆಯಲ್ಲ," ಎಂದಳು ಚಿಪ್ಪಿ.