ಶೆಟ್ಟಿ ಗೊಂಬೆಯ ಹೊಟ್ಟೆಕಿಚ್ಚು

ನವರಾತ್ರಿಯ ಗೊಂಬೆಗಳ ಸಾಲಿನಲ್ಲಿ ಪಟ್ಟದ ರಾಜನಿಗೆ ಮೇಲಿನ ಮೆಟ್ಟಿಲು, ಅಂಗಡಿ ಶೆಟ್ಟಿಗೆ ನೆಲಕ್ಕಂಟಿದ ಕೆಳಗಿನ ಮೆಟ್ಟಿಲು. ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ರಾಶಿಗಳಿದ್ದರೂ ಶೆಟ್ಟಿಯ ಕಣ್ಣು ಸದಾ ಮೇಲೆ. ಅವನಿಗೆ ಆರತಿ, ನನಗೆ ಇರುವೆಕಾಟ ಮತ್ತು ಮಕ್ಕಳ ಅಂಟುಗೈ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಈ ಸಲ ಗೊಂಬೆ ಕೂರಿಸಿದವಳು ಮನೆಗೆ ಹೊಸದಾಗಿ ಬಂದ ಸೊಸೆ. ಅವಳ ತವರಲ್ಲಿ ಈ ಪದ್ಧತಿಯಿರಲಿಲ್ಲ. ಡೊಳ್ಳುಹೊಟ್ಟೆಯ ಶೆಟ್ಟಿಯೇ ಎಲ್ಲರಿಗೂ ಯಜಮಾನನೆಂದುಕೊಂಡು ಅವನನ್ನು ಮೇಲೆ ಕೂರಿಸಿ, ರಾಜನನ್ನು ಅಕ್ಕಿಬೇಳೆಯ ಹಿಂದೆ ಇಟ್ಟಳು.

"ಹೇಗಿದೆ ಮಹಾಪ್ರಭು, ನೆಲದ ವಾಸ?" ಎಂದು ಶೆಟ್ಟಿ ಮೇಲಿನಿಂದ ಕೂಗಿದ.

ರಾಜ ಉತ್ತರಿಸುವಷ್ಟರಲ್ಲಿ, ಗೊಂಬೆ ಬಾಗಿನದ ತಿಂಡಿಗೆಂದು ಓಣಿಯ ಮಕ್ಕಳು ನುಗ್ಗಿಬಂದರು. ರಾಜನ ಮುಂದೆ ಕೂತು, "ಶೆಟ್ರೇ, ಒಂದು ಸೇರು ಬೆಲ್ಲ ಕೊಡಿ" ಎಂದು ವ್ಯಾಪಾರ ಶುರುಮಾಡಿದರು. ಪುಟ್ಟ ಹುಡುಗಿಯೊಬ್ಬಳು ಅವನ ಬಾಯಿಗೆ ಚಕ್ಕುಲಿ ಹಿಡಿದಳು. ರಾಜ ನಕ್ಕ. ಮೇಲೆ ಕೂತವನಿಗೆ ದೂರದಿಂದ ಒಂದು ಆರತಿ, ಅಷ್ಟೇ.

"ಪ್ರಭು, ಇಲ್ಲಿ ಯಾರೂ ಮುಟ್ಟುವುದೇ ಇಲ್ಲವೇ?" ಶೆಟ್ಟಿ ಕೇಳಿದ.

"ವರ್ಷಕ್ಕೊಮ್ಮೆ ಧೂಳು ಒರೆಸುತ್ತಾರೆ" ಎಂದ ರಾಜ.

ಅಷ್ಟರಲ್ಲಿ ಅತ್ತೆ ಬಂದು, "ಅಯ್ಯೋ, ಪಟ್ಟದ ಗೊಂಬೇನ ಕೆಳಗಿಡೋದೇನಮ್ಮಾ!" ಎಂದು ಇಬ್ಬರನ್ನೂ ಅದಲುಬದಲು ಮಾಡಿದರು.

ಆ ಹುಡುಗಿಯ ಬೆಲ್ಲದ ಕೈ ಪೇಟಕ್ಕೆ ಮೆತ್ತಿದಾಗ ಶೆಟ್ಟಿ ಮೊದಲ ಸಲ ಹಿಗ್ಗಿದ. ತಲೆಯೆತ್ತಿ ನೋಡಿದ. ಮೇಲೆ ರಾಜ ಆ ಹುಡುಗಿಯ ಕೈಯ ಚಕ್ಕುಲಿಯ ಮೇಲಿಟ್ಟ ಕಣ್ಣು ಕೀಳದೆ ಕೂತಿದ್ದ. ಆ ನೋಟ ಎಂಥದೆಂದು ಶೆಟ್ಟಿಗೆ ಯಾರೂ ಹೇಳಬೇಕಿರಲಿಲ್ಲ. ಇಷ್ಟು ವರ್ಷ ಅದು ಅವನದೇ ಆಗಿತ್ತು.